ಫೋಕಸ್ ಆನ್ ದ ಫ್ಯಾಮಿಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ‘ಫೋಕಸ್ ಆನ್ ದ ಫ್ಯಾಮಿಲಿ’ ಎಂಬ ಕ್ರೈಸ್ತ ಸಂಸ್ಥೆಯ ಹೆಸರನ್ನು ಕೇಳಿರದವರೂ ಅದರ ಮಾತುಗಳನ್ನು ಕೇಳಿರುತ್ತಾರೆ. ದಂಪತಿಗಳ ಕೂಟದಲ್ಲಿ ಸಭಾಪಾಲಕರು ಓದಿ ಹೇಳುವ ಸಲಹೆ, ಸಂಡೇ ಸ್ಕೂಲ್ ಶಿಕ್ಷಕಿಯರು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಲೇಖನ, ಹದಿಹರೆಯದ ಮಕ್ಕಳನ್ನು ಕುರಿತ ಭಾಷಣದ ತುಣುಕು, ಇವುಗಳ ಮೂಲ ಹುಡುಕುತ್ತ ಹೋದರೆ ಹಲವು ಸಲ ಇದೇ ಸಂಸ್ಥೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಬೆಂಗಳೂರಿನ ನಮ್ಮ ಕನ್ನಡ ಸಭೆಯ ತಂದೆತಾಯಿಗಳು ಕೆಲವು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ನನ್ನ ಅಭಿಪ್ರಾಯ ಬರುವ ಕಡೆ ಅದು ನನ್ನದೆಂದೇ ಹೇಳಿದ್ದೇನೆ.

ಇದು ಯಾವ ಬಗೆಯ ಸಂಸ್ಥೆ? ಇದೊಂದು ಚರ್ಚೇ?

ಮದುವೆ, ಮಕ್ಕಳ ಪಾಲನೆ ಮತ್ತು ಕುಟುಂಬ ಜೀವನದ ಬಗ್ಗೆ ರೇಡಿಯೊ ಕಾರ್ಯಕ್ರಮ, ಪುಸ್ತಕ, ಪತ್ರಿಕೆ ಹಾಗೂ ಆಪ್ತಸಲಹೆಯ ಮೂಲಕ ಕೆಲಸ ಮಾಡುವ ಇವ್ಯಾಂಜೆಲಿಕಲ್ ಕ್ರೈಸ್ತ ಸಂಸ್ಥೆಯಿದು. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಡಾಬ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಆರಂಭಿಸಿದರು. 1991ರಿಂದ ಇದರ ಕೇಂದ್ರ ಕಚೇರಿ ಕೊಲರಾಡೊ ಸ್ಪ್ರಿಂಗ್ಸ್ ನಗರದಲ್ಲಿದೆ. ಯಾವ ಪಂಗಡಕ್ಕೂ ಅಧೀನವಲ್ಲ. ಇಲ್ಲಿ ಭಾನುವಾರದ ಆರಾಧನೆ ನಡೆಯುವುದಿಲ್ಲ, ಯಾರಿಗೂ ದೀಕ್ಷಾಸ್ನಾನ ಕೊಡುವುದಿಲ್ಲ. ಆದರೂ ಅಮೆರಿಕದ ತೆರಿಗೆ ಇಲಾಖೆಯ ಕಡತದಲ್ಲಿ ಇದೀಗ ಚರ್ಚ್ ಎಂದೇ ದಾಖಲಾಗಿದೆ. ಅದು ಹೇಗೆಂಬುದನ್ನು ಹಣದ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಇವ್ಯಾಂಜೆಲಿಕಲ್ ಎಂದರೆ ಕ್ಯಾಥೊಲಿಕರೇ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ)ಯವರೇ?

ಎರಡೂ ಅಲ್ಲ. ಇವ್ಯಾಂಜೆಲಿಕಲ್ ಎನ್ನುವುದು ಒಂದು ಪಂಗಡದ ಹೆಸರಲ್ಲ, ಪ್ರೊಟೆಸ್ಟೆಂಟರೊಳಗೆ ಹರಡಿಕೊಂಡಿರುವ ಒಂದು ನಿಲುವು. ಮನುಷ್ಯ ಸ್ವಂತ ತೀರ್ಮಾನದಿಂದ ‘ಹೊಸದಾಗಿ ಹುಟ್ಟಬೇಕು’, ಸತ್ಯವೇದದ ಮಾತೇ ಅಂತಿಮ, ಶಿಲುಬೆಯ ಮರಣವೇ ರಕ್ಷಣೆಗೆ ಆಧಾರ, ಸುವಾರ್ತೆ ಸಾರುವುದು ಪ್ರತಿಯೊಬ್ಬ ವಿಶ್ವಾಸಿಯ ಹೊಣೆ, ಇವು ಅದರ ಗುರುತುಗಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಸಭೆಗಳಲ್ಲಿಯೂ ಈ ನಿಲುವಿನವರು ಇದ್ದಾರೆ, ಬೆಂಗಳೂರಿನ ಹೊಸ ಸ್ವತಂತ್ರ ಸಭೆಗಳಲ್ಲಿ ಇನ್ನೂ ಹೆಚ್ಚಾಗಿ ಇದ್ದಾರೆ.

ಜೇಮ್ಸ್ ಡಾಬ್ಸನ್ ಪಾದ್ರಿಯೇ, ವೈದ್ಯರೇ?

ಪಾದ್ರಿಯಲ್ಲ. ‘ಡಾಕ್ಟರ್’ ಎಂದು ಕರೆಯುತ್ತಿದ್ದುದು ಪಿಎಚ್.ಡಿ. ಪದವಿಯ ಕಾರಣಕ್ಕೆ. 1936ರಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಹುಟ್ಟಿದ ಡಾಬ್ಸನ್, ನಜರೇನ್ ಸಭೆಯ ಸಂಚಾರಿ ಬೋಧಕರೊಬ್ಬರ ಮಗ. 1967ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಅಲ್ಲಿಯ ವೈದ್ಯಕೀಯ ವಿಭಾಗದಲ್ಲಿ ಪಾಠ ಹೇಳುತ್ತ, ಲಾಸ್ ಏಂಜಲಿಸ್‌ನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಬೋಧಕನ ಮನೆಯ ಭಾಷೆ ಮತ್ತು ಆಸ್ಪತ್ರೆಯ ಬಿಳಿ ಕೋಟಿನ ಅಧಿಕಾರ ಎರಡೂ ಒಬ್ಬ ವ್ಯಕ್ತಿಯಲ್ಲಿ ಸೇರಿದ್ದು ಅವರ ಪ್ರಭಾವದ ಗುಟ್ಟು ಎಂದು ನನಗೆ ಅನಿಸುತ್ತದೆ. ಆಧುನಿಕ ಮನಶ್ಶಾಸ್ತ್ರದ ಬಗ್ಗೆ ಸಂಶಯವಿದ್ದ ಕ್ರೈಸ್ತ ತಾಯಿಗೆ, ಅದೇ ಶಾಸ್ತ್ರವನ್ನು ಓದಿದವರೊಬ್ಬರು ‘ನಿಮ್ಮ ಅಜ್ಜಿ ಹೇಳಿದ್ದೇ ಸರಿ’ ಎಂದು ಹೇಳಿದಂತಾಯಿತು. 1970ರಲ್ಲಿ ಬಂದ ಅವರ ಮೊದಲ ಜನಪ್ರಿಯ ಪುಸ್ತಕದ ತಿರುಳೂ ಅದೇ: ಮಕ್ಕಳಿಗೆ ಶಿಸ್ತು ಕಲಿಸಲು ತಂದೆತಾಯಿಗಳು ಅಂಜಬಾರದು.

ಒಂದು ರೇಡಿಯೊ ಕಾರ್ಯಕ್ರಮ ಇಷ್ಟು ದೊಡ್ಡ ಸಂಸ್ಥೆಯಾದದ್ದು ಹೇಗೆ?

ಪತ್ರಗಳಿಂದ. ನಮ್ಮ ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಸಲಹಾ ಅಂಕಣಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಬಂದ ನೂರು ಪತ್ರಗಳಲ್ಲಿ ಎರಡು ಅಚ್ಚಾಗುತ್ತಿದ್ದವು, ಉಳಿದವರಿಗೆ ಉತ್ತರವಿಲ್ಲ. ಡಾಬ್ಸನ್ ಅವರ ಸಂಸ್ಥೆಯಲ್ಲಿ ಬರೆದವರಿಗೆಲ್ಲ ಉತ್ತರ ಹೋಗಬೇಕೆಂಬುದು ನಿಯಮವಾಗಿತ್ತು. ಗಂಡ ಮನೆ ಬಿಟ್ಟು ಹೋದನೆಂದು ಬರೆದ ಹೆಂಗಸಿಗೆ, ಮಗ ಮಾದಕವಸ್ತುಗಳ ಸಹವಾಸಕ್ಕೆ ಬಿದ್ದನೆಂದು ಬರೆದ ತಂದೆಗೆ, ಸಿಬ್ಬಂದಿ ಪತ್ರ ಓದಿ, ಆ ವಿಷಯಕ್ಕೆ ಹೊಂದುವ ಉತ್ತರ ಬರೆದು, ಜೊತೆಗೆ ಒಂದು ಕೈಪಿಡಿಯನ್ನೋ ಕ್ಯಾಸೆಟ್ಟನ್ನೋ ಇಟ್ಟು ಕಳಿಸುತ್ತಿದ್ದರು. ಸಂಕಟ ತೀವ್ರವಾಗಿದ್ದರೆ ಆಪ್ತಸಲಹೆಗಾರರು ದೂರವಾಣಿಯಲ್ಲಿ ಮಾತನಾಡುತ್ತಿದ್ದರು. ಅಂಚೆ ಎಷ್ಟು ಬರುತ್ತಿತ್ತೆಂದರೆ ಸಂಸ್ಥೆಗೇ ಪ್ರತ್ಯೇಕ ಜಿಪ್ ಕೋಡ್ ಸಿಕ್ಕಿತು: 80995. ನಮ್ಮಲ್ಲಿ ಒಂದು ಕಟ್ಟಡಕ್ಕೆ ಸ್ವಂತ ಪಿನ್‌ಕೋಡ್ ಸಿಕ್ಕಂತೆ.

1978ರ ಹೊತ್ತಿಗೆ ಡಾಬ್ಸನ್ ಅವರ ಉಪನ್ಯಾಸಗಳನ್ನು ಏಳು ಕಂತುಗಳಲ್ಲಿ ಚಿತ್ರೀಕರಿಸಲಾಗಿತ್ತು. ಅಮೆರಿಕದುದ್ದಕ್ಕೂ ಚರ್ಚುಗಳ ನೆಲಮಾಳಿಗೆಗಳಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಜನ ಅವನ್ನು ನೋಡಿದರು. 1991ರ ಸ್ಥಳಾಂತರಕ್ಕೆ ಕೊಲರಾಡೊದ ಎಲ್ ಪೊಮಾರ್ ಪ್ರತಿಷ್ಠಾನ 40 ಲಕ್ಷ ಡಾಲರ್ ನೆರವು ಕೊಟ್ಟಿತು. ಇದರ ಜೊತೆಗೆ ಇನ್ನೂ ಹತ್ತಾರು ಕ್ರೈಸ್ತ ಸಂಸ್ಥೆಗಳು ನೆಲೆಸಿದ ಆ ಊರಿಗೆ ‘ಇವ್ಯಾಂಜೆಲಿಕಲರ ವ್ಯಾಟಿಕನ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಹೆಚ್ಚೆಂದರೆ ಸುಮಾರು 1,400 ಮಂದಿ ಸಿಬ್ಬಂದಿಯಿದ್ದ ಕಾಲವೂ ಇತ್ತು. 2008ರ ಆರ್ಥಿಕ ಕುಸಿತದ ವರ್ಷ ಒಂದೇ ಏಟಿಗೆ 202 ಹುದ್ದೆಗಳನ್ನು ಕೈಬಿಟ್ಟರು.

‘ಸಾಂಪ್ರದಾಯಿಕ ಕುಟುಂಬ ಮೌಲ್ಯ’ ಎನ್ನುತ್ತಾರೆ. ಯಾರ ಸಂಪ್ರದಾಯ?

ಈ ಪುಟದಲ್ಲಿ ನಿಧಾನವಾಗಿ ಓದಬೇಕಾದ ಪ್ರಶ್ನೆ ಇದು. ಸಂಸ್ಥೆಯ ಬೋಧನೆಯನ್ನು ಸಂಕ್ಷೇಪಿಸಿದರೆ ಹೀಗಿರುತ್ತದೆ: ಮದುವೆಯೆಂಬುದು ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ನಡುವೆ ದೇವರು ಇಟ್ಟ ಆಜೀವ ಒಡಂಬಡಿಕೆ, ಲೈಂಗಿಕ ಸಂಬಂಧ ಅದರೊಳಗೆ ಮಾತ್ರ, ಗಂಡನಿಗೆ ಮನೆಯ ನಾಯಕತ್ವದ ಹೊಣೆ, ಮಕ್ಕಳು ಚಿಕ್ಕವರಿರುವಾಗ ತಾಯಿ ಮನೆಯಲ್ಲಿದ್ದರೆ ಒಳ್ಳೆಯದು, ಗರ್ಭದಲ್ಲಿರುವ ಶಿಶುವೂ ಪೂರ್ಣ ಮನುಷ್ಯ ಜೀವ.

ಇದನ್ನು ಕೇಳಿದ ನಮ್ಮವರು, ಕ್ರೈಸ್ತರಿರಲಿ ಅಲ್ಲದವರಿರಲಿ, ‘ಇದು ನಮ್ಮ ಹಿರಿಯರು ಹೇಳಿದ್ದೇ ಅಲ್ಲವೇ’ ಎಂದು ತಲೆದೂಗುತ್ತಾರೆ. ಅಲ್ಲಿ ಸ್ವಲ್ಪ ನಿಲ್ಲಬೇಕು. ಆ ಬೋಧನೆಯ ಕಣ್ಣಮುಂದಿರುವ ಕುಟುಂಬ ಎಂದರೆ ತಂದೆ, ತಾಯಿ, ಮಕ್ಕಳು, ಒಂದು ಮನೆ, ಮುಂದೊಂದು ಕಾರು. ಎರಡನೆಯ ಮಹಾಯುದ್ಧದ ನಂತರದ ಅಮೆರಿಕದ ಉಪನಗರಗಳ ಬಿಳಿಯ ಮಧ್ಯಮವರ್ಗದ ಕುಟುಂಬ ಅದು. ಅದರಲ್ಲಿ ಅತ್ತೆ ಮಾವ ಹಬ್ಬಕ್ಕೆ ಬಂದು ಹೋಗುವ ನೆಂಟರು. ಮೈದುನ, ನಾದಿನಿ, ಊರಿನಲ್ಲಿರುವ ದೊಡ್ಡಪ್ಪ, ಓದಲು ಬಂದು ನಾಲ್ಕು ವರ್ಷ ಉಳಿದ ಅಕ್ಕನ ಮಗ, ಇವರಿಗೆ ಅಲ್ಲಿ ಜಾಗವೇ ಇಲ್ಲ. ಆದಿಕಾಂಡದ 2:24ರಲ್ಲಿ ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಅಂಟಿಕೊಳ್ಳುವನು ಎಂದಿರುವುದನ್ನು ಅಮೆರಿಕದ ಇವ್ಯಾಂಜೆಲಿಕಲ್ ಸಲಹೆಗಾರರು ಮದುವೆಯ ಮೊದಲ ಪಾಠವೆಂದು ಹೇಳಿಕೊಡುತ್ತಾರೆ. ಇದನ್ನು ಅಕ್ಷರಶಃ ಕನ್ನಡಕ್ಕೆ ತಂದು ದಂಪತಿಗಳ ಕೂಟದಲ್ಲಿ ಓದಿದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ‘ಹಾಗಾದರೆ ನಾವು ಎಲ್ಲಿಗೆ ಹೋಗಬೇಕಪ್ಪಾ?’ ಎಂದು ಕೇಳಿದ್ದರು. ನಗು ಬಂತು, ಆದರೆ ಉತ್ತರ ಯಾರ ಬಳಿಯೂ ಇರಲಿಲ್ಲ.

ಉತ್ತರ ಸತ್ಯವೇದದಲ್ಲಿಯೇ ಇತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಆದಿಕಾಂಡದಲ್ಲಿ ‘ಅಂಟಿಕೊಳ್ಳುವನು’ ಎಂಬುದಕ್ಕೆ ಬಳಸಿದ ಹೀಬ್ರೂ ಕ್ರಿಯಾಪದವೇ ರೂತಳ ಪುಸ್ತಕದ ಮೊದಲ ಅಧ್ಯಾಯದಲ್ಲಿಯೂ ಬರುತ್ತದೆ. ಅಲ್ಲಿ ಅಂಟಿಕೊಳ್ಳುವವಳು ವಿಧವೆಯಾದ ಸೊಸೆ, ಅಂಟಿಕೊಂಡದ್ದು ಅತ್ತೆಯನ್ನು. ಯಾಕೋಬನ ಮನೆಯಲ್ಲಿಯೂ ಇಬ್ಬರು ಹೆಂಡತಿಯರು, ಅವರ ಇಬ್ಬರು ದಾಸಿಯರು, ಹನ್ನೆರಡು ಗಂಡುಮಕ್ಕಳಿದ್ದರು. ಸತ್ಯವೇದದ ಕುಟುಂಬಗಳು ಉಪನಗರದ ಆ ಮನೆಗಿಂತ ನಮ್ಮ ತೊಟ್ಟಿಮನೆಗೆ ಹತ್ತಿರ. ಹಾಗೆಂದು ತೊಟ್ಟಿಮನೆಯ ಬದುಕು ಎಲ್ಲರಿಗೂ ಸುಖಕರವಾಗಿತ್ತು ಎಂದು ಹೇಳುತ್ತಿಲ್ಲ. ಹೊಸದಾಗಿ ಮದುವೆಯಾದ ಎಷ್ಟೋ ಹೆಣ್ಣುಮಕ್ಕಳಿಗೆ ಆ ಅಮೆರಿಕನ್ ಪಾಠವೇ ಉಸಿರಾಡಲು ಕಿಟಕಿ ತೆರೆದದ್ದೂ ಉಂಟು.

ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎನ್ನುತ್ತಾರಂತೆ. ಹೊಡೆಯುವ ಗಂಡನಾದರೂ ಸರಿಯೇ?

ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ಆಧರಿಸಿ, ಗಂಡ ನಾಯಕ, ಆದರೆ ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟಂತೆ ಹೆಂಡತಿಗಾಗಿ ತನ್ನನ್ನು ಕೊಟ್ಟುಕೊಳ್ಳಬೇಕಾದ ನಾಯಕ ಎಂದು ಸಂಸ್ಥೆ ಕಲಿಸುತ್ತದೆ. ಹೊಡೆತ ಬಡಿತಗಳಿರುವ ಮನೆಯಲ್ಲಿ ಮೊದಲು ಹೆಂಡತಿ ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಬೇಕೆಂಬುದು ಅದರ ಸಲಹೆ. ವಿಚ್ಛೇದನವನ್ನು ಸುಲಭವಾಗಿ ಒಪ್ಪುವುದಿಲ್ಲ. ವ್ಯಭಿಚಾರ ಮತ್ತು ಸಂಗಾತಿಯನ್ನು ಬಿಟ್ಟುಹೋಗುವುದು ಇವುಗಳನ್ನು ಸತ್ಯವೇದ ಒಪ್ಪುವ ಕಾರಣಗಳೆಂದು ಪರಿಗಣಿಸುತ್ತದೆ. ವಿಮರ್ಶಕರ ತಕರಾರು ಬೇರೆ: ಅಧೀನತೆಯ ಪಾಠವನ್ನು ವರ್ಷಗಟ್ಟಲೆ ಕೇಳಿದ ಹೆಂಗಸು, ಅಪಾಯ ಬಂದಾಗ ಮನೆ ಬಿಡುವುದಕ್ಕೆ ಬಹಳ ತಡಮಾಡುತ್ತಾಳೆ. ಈ ತಕರಾರಿನಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ.

ನಮ್ಮ ನೆಲದ ಕಾನೂನನ್ನೂ ತಿಳಿದಿರಬೇಕು. ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಾದವನು ಹೆಂಡತಿಯ ವ್ಯಭಿಚಾರ ಒಂದನ್ನೇ ತೋರಿಸಿ ವಿಚ್ಛೇದನ ಕೇಳಬಹುದಿತ್ತು. ಹೆಂಡತಿಯಾದವಳು ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತ್ಯಜಿಸಿಹೋದುದನ್ನೋ ಸಾಬೀತು ಮಾಡಬೇಕಿತ್ತು. ಆ ತಾರತಮ್ಯ ಹೋದದ್ದು 2001ರ ತಿದ್ದುಪಡಿಯಿಂದ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ.

ಮಕ್ಕಳಿಗೆ ಹೊಡೆಯಿರಿ ಎಂದು ಡಾಬ್ಸನ್ ಹೇಳಿದ್ದು ನಿಜವೇ?

ನಿಜ, ಆದರೆ ಕೆಲವು ಕಟ್ಟುಪಾಡುಗಳೊಂದಿಗೆ. ಹದಿನೈದರಿಂದ ಹದಿನೆಂಟು ತಿಂಗಳೊಳಗಿನ ಮಗುವಿನ ಮೇಲೆ ಕೈ ಮಾಡಬಾರದು. ಹಾಲು ಚೆಲ್ಲಿದ್ದಕ್ಕೆ, ಮರೆತದ್ದಕ್ಕೆ ಶಿಕ್ಷಿಸಬಾರದು. ಬೇಕೆಂದೇ ಎದುರು ನಿಂತಾಗ ಮಾತ್ರ, ಅದೂ ಕೋಪ ಇಳಿದ ಮೇಲೆ. ಕೈ ಮುದ್ದಿಸುವುದಕ್ಕೆ ಇರುವುದರಿಂದ ಹೊಡೆಯಲು ಕೈ ಬಳಸದೆ ಬೇರೆ ವಸ್ತು ಬಳಸಬೇಕೆಂದೂ ಹೇಳಿದ್ದರು. ಬೆತ್ತ ಹಿಡಿಯದ ತಂದೆಯನ್ನು ಕುರಿತ ಜ್ಞಾನೋಕ್ತಿಗಳ ಮಾತನ್ನು ಕೇಳಿ, ‘ದಂಡಂ ದಶಗುಣಂ’ ಎಂಬ ಮಾತನ್ನೂ ಕೇಳಿ ಬೆಳೆದ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಆಶ್ಚರ್ಯ ಬೇರೆ ಕಡೆ ಇದೆ. ಹಟಮಾರಿ ಮಕ್ಕಳನ್ನು ಕುರಿತ 1978ರ ಪುಸ್ತಕವನ್ನು ಅವರು ತಮ್ಮ ನಾಯಿಯ ಕತೆಯಿಂದ ತೊಡಗಿಸುತ್ತಾರೆ. ಅದು ಗಿಡ್ಡ ಕಾಲಿನ ಡ್ಯಾಶ್‌ಹುಂಡ್ ಜಾತಿಯ ನಾಯಿ. ಹೆಸರು ಸಿಗ್ಮಂಡ್ ಫ್ರಾಯ್ಡ್, ಕರೆಯುವುದು ಸಿಗ್ಗಿ. ಒಂದು ರಾತ್ರಿ ಅದು ಬಚ್ಚಲುಮನೆಯ ಬೆಚ್ಚನೆಯ ಮೂಲೆ ಬಿಟ್ಟು ತನ್ನ ಜಾಗಕ್ಕೆ ಹೋಗಿ ಮಲಗಲು ಒಪ್ಪುವುದಿಲ್ಲ. ಹಲ್ಲು ತೋರಿಸುತ್ತದೆ. ಒಡೆಯ ಹೋಗಿ ಸಣ್ಣದೊಂದು ಬೆಲ್ಟ್ ತರುತ್ತಾನೆ. ಹೊಡೆತ, ಗುರುಗುಟ್ಟುವಿಕೆ, ಮೂಲೆಯಿಂದ ಮೂಲೆಗೆ ಸೆಣಸಾಟ, ಕೊನೆಗೆ ನಾಯಿ ಸೋತು ಹೋಗಿ ಮಲಗುತ್ತದೆ. ಮಕ್ಕಳೂ ಹೀಗೆಯೇ ಹಿರಿಯರ ಅಧಿಕಾರವನ್ನು ಪರೀಕ್ಷಿಸುತ್ತಾರೆ ಎಂಬುದಕ್ಕೆ ಅವರು ಕೊಡುವ ದೃಷ್ಟಾಂತ ಅದು. ಅವರ ಮೆಚ್ಚುಗೆಯ ಓದುಗರು ಇದನ್ನು ತಮಾಷೆಯೆಂದು ಓದಿದರು. ನನಗೆ ಎರಡನೆಯ ಸಲ ಓದುವಾಗ, ಹನ್ನೆರಡು ಪೌಂಡಿನ ಪ್ರಾಣಿಯ ಮುಂದೆ ಬೆಲ್ಟ್ ಹಿಡಿದು ನಿಂತ ಎತ್ತರದ ಮನುಷ್ಯನ ಚಿತ್ರವಷ್ಟೇ ಕಣ್ಣಿಗೆ ಕಟ್ಟಿತು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಮಕ್ಕಳಿಗೆ ಹೊಡೆಯುವುದನ್ನು ಸ್ಪಷ್ಟವಾಗಿ ವಿರೋಧಿಸಿ ಹೇಳಿಕೆ ಹೊರಡಿಸಿದೆ. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸುತ್ತದೆ. ಆದ್ದರಿಂದ ಸಂಡೇ ಸ್ಕೂಲ್ ಶಿಕ್ಷಕರು ಈ ಭಾಗವನ್ನು ‘ಸತ್ಯವೇದಾಧಾರಿತ ಶಿಸ್ತು’ ಎಂದು ಹಂಚಬೇಡಿ ಎಂದು ನಾನು ಪ್ರತಿ ಸಲ ಹೇಳುತ್ತೇನೆ.

ಇದು ರಾಜಕೀಯ ಸಂಸ್ಥೆಯೇ?

ಸಂಸ್ಥೆ ತನ್ನನ್ನು ಸೇವಾಸಂಸ್ಥೆ ಎಂದು ಕರೆದುಕೊಳ್ಳುತ್ತದೆ, ಅದರ ದಿನನಿತ್ಯದ ಕೆಲಸದ ಬಹುಪಾಲು ಮದುವೆ ಮಕ್ಕಳ ವಿಷಯವೇ ಹೌದು. ಆದರೆ ಪತ್ರ ಬರೆದ ತಾಯಿಯ ವಿಳಾಸ ಅಲ್ಲಿ ಉಳಿಯುತ್ತಿತ್ತು, ಅವಳ ನಂಬಿಕೆಯೂ ಉಳಿಯುತ್ತಿತ್ತು. ಮಗನ ವಿಷಯದಲ್ಲಿ ಕೈಹಿಡಿದ ಧ್ವನಿಯೇ ಇನ್ನೊಂದು ದಿನ ರೇಡಿಯೊದಲ್ಲಿ ‘ನಿಮ್ಮ ಸಂಸದರಿಗೆ ಫೋನ್ ಮಾಡಿ’ ಎಂದರೆ ಅವಳು ಮಾಡುತ್ತಿದ್ದಳು. ಇದನ್ನು ಅರಿಯದೆ ಈ ಸಂಸ್ಥೆ ಅರ್ಥವಾಗುವುದಿಲ್ಲ.

ಒಂದು ಪ್ರಸಂಗ ಸಾಕು. ಫೆಬ್ರುವರಿ 1994ರಲ್ಲಿ ಶಿಕ್ಷಣ ಮಸೂದೆಯೊಂದರಲ್ಲಿದ್ದ ಶಿಕ್ಷಕರ ಅರ್ಹತೆಯ ಷರತ್ತು, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ತಂದೆತಾಯಿಗಳಿಗೂ ಅನ್ವಯಿಸೀತೆಂಬ ಭಯ ಹುಟ್ಟಿತು. ಗೃಹಶಿಕ್ಷಣದ ಪರವಾದ ವಕೀಲರ ಸಂಘ ಎಚ್ಚರಿಕೆ ಕೊಟ್ಟಿತು, ಡಾಬ್ಸನ್ ಅವರ ಕಾರ್ಯಕ್ರಮ ಅದನ್ನು ಮನೆಮನೆಗೆ ಮುಟ್ಟಿಸಿತು. ಸಂಸತ್ ಭವನದ ದೂರವಾಣಿ ವಿನಿಮಯ ಕೇಂದ್ರ ಕರೆಗಳ ಮಹಾಪೂರದಲ್ಲಿ ಕಟ್ಟಿಕೊಂಡಿತು. ಜನಪ್ರತಿನಿಧಿ ಸಭೆ ಆ ಷರತ್ತನ್ನು 424–1 ಮತಗಳಿಂದ ಕಿತ್ತುಹಾಕಿತು.

ಸರ್ಕಾರದ ನೀತಿಗಳ ಮೇಲೆ ಪ್ರಭಾವ ಬೀರಲು ವಾಷಿಂಗ್ಟನ್ನಿನಲ್ಲಿ ಕೆಲಸ ಮಾಡುವ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್ ಎಂಬ ಸಂಸ್ಥೆಯನ್ನು ಹುಟ್ಟುಹಾಕುವುದರಲ್ಲಿಯೂ ಡಾಬ್ಸನ್ ಪಾತ್ರವಿತ್ತು. 1988ರಲ್ಲಿ ಅದು ಫೋಕಸ್‌ನೊಳಗೆ ವಿಲೀನವಾಗಿ 1992ರಲ್ಲಿ ಮತ್ತೆ ಬೇರೆಯಾಯಿತು. ಅದೇ 1992ರಲ್ಲಿ ಕೊಲರಾಡೊದ ಮತದಾರರು, ಸಲಿಂಗಿಗಳಿಗೆ ತಾರತಮ್ಯದಿಂದ ಕಾನೂನಿನ ರಕ್ಷಣೆ ಕೊಡುವುದನ್ನು ತಡೆಯುವ ‘ಎರಡನೆಯ ತಿದ್ದುಪಡಿ’ಯನ್ನು ಒಪ್ಪಿದರು. ಫೋಕಸ್ ಅದರ ಪರವಾಗಿತ್ತು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಅದನ್ನು ರದ್ದುಮಾಡಿತು. 2004ರಲ್ಲಿ ಡಾಬ್ಸನ್ ಜಾರ್ಜ್ ಬುಷ್ ಅವರ ಪರವಾಗಿ ಬಹಿರಂಗವಾಗಿ ನಿಂತರು, ಚುನಾವಣಾ ಕೆಲಸಕ್ಕೆಂದು ಪ್ರತ್ಯೇಕ ಸಂಸ್ಥೆಯನ್ನೂ ಕಟ್ಟಿದರು. ಹೆಸರು ಎರಡು ಸಲ ಬದಲಾಗಿ ಈಗ ಅದು ಫ್ಯಾಮಿಲಿ ಪಾಲಿಸಿ ಅಲಯನ್ಸ್.

ಸ್ಪಾಂಜ್‌ಬಾಬ್ ವಿವಾದ ಎಂದರೇನು?

ಮಕ್ಕಳು ನೋಡುವ ಆ ಹಳದಿ ಕಾರ್ಟೂನ್ ಪಾತ್ರವನ್ನು ಡಾಬ್ಸನ್ ಸಲಿಂಗಿ ಎಂದರು ಎಂಬ ಸುದ್ದಿ 2005ರ ಜನವರಿಯಲ್ಲಿ ಹಬ್ಬಿತು. ಹಲವು ಕಾರ್ಟೂನ್ ಪಾತ್ರಗಳನ್ನು ಸೇರಿಸಿ ಸಹಿಷ್ಣುತೆಯ ಪಾಠಕ್ಕಾಗಿ ಶಾಲೆಗಳಿಗೆ ಕಳಿಸಲಿದ್ದ ವಿಡಿಯೊವನ್ನು ತಾನು ಟೀಕಿಸಿದ್ದು, ಪಾತ್ರವನ್ನಲ್ಲ ಎಂದು ಅವರು ವಿವರಿಸಿದರು. ವಿವರಣೆ ಸರಿಯಾಗಿಯೇ ಇತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ.

ಸಲಿಂಗಿಗಳನ್ನು ‘ಬದಲಾಯಿಸುವ’ ಕಾರ್ಯಕ್ರಮ ಏನಾಯಿತು?

1998ರಿಂದ ಸಂಸ್ಥೆ ‘ಲವ್ ವನ್ ಔಟ್’ ಎಂಬ ಸಮಾವೇಶಗಳನ್ನು ಊರೂರಿನಲ್ಲಿ ನಡೆಸಿತು. ಸಲಿಂಗಾಕರ್ಷಣೆಯಿಂದ ಹೊರಬರುವುದು ಸಾಧ್ಯ ಎಂಬುದು ಅದರ ಸಂದೇಶ. ಅದರ ಮುಖವಾಗಿದ್ದ ಜಾನ್ ಪೌಲ್ಕ್ 2000ರಲ್ಲಿ ವಾಷಿಂಗ್ಟನ್ನಿನ ಸಲಿಂಗಿಗಳ ಬಾರ್ ಒಂದರಲ್ಲಿ ಕಾಣಿಸಿಕೊಂಡು ಸುದ್ದಿಯಾದರು. 2013ರಲ್ಲಿ ತಮ್ಮ ಕೆಲಸದಿಂದ ಜನರಿಗೆ ಆದ ಹಾನಿಗೆ ಬಹಿರಂಗವಾಗಿ ಕ್ಷಮೆ ಕೇಳಿದರು. 2009ರಲ್ಲಿ ಫೋಕಸ್ ಈ ಸಮಾವೇಶಗಳನ್ನು ಇದೇ ಸಂದೇಶ ಸಾರುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಗೆ ವಹಿಸಿತ್ತು. 2013ರಲ್ಲಿ ಎಕ್ಸೋಡಸ್ ಕೂಡ ಕ್ಷಮೆ ಕೇಳಿ ಬಾಗಿಲು ಹಾಕಿತು. ಮದುವೆಯ ಬಗ್ಗೆ ಫೋಕಸ್‌ನ ಬೋಧನೆ ಮಾತ್ರ ಬದಲಾಗಿಲ್ಲ. ಸುತ್ತಲಿನ ಊರು ಬದಲಾಗಿದೆ: ಮದುವೆ ಗಂಡು ಹೆಣ್ಣಿನ ನಡುವೆ ಮಾತ್ರ ಎಂದು 2006ರಲ್ಲಿ ಕೊಲರಾಡೊ ತನ್ನ ಸಂವಿಧಾನಕ್ಕೆ ಸೇರಿಸಿದ್ದ ಸಾಲನ್ನು 2024ರ ನವೆಂಬರಿನಲ್ಲಿ ಅಲ್ಲಿನ ಮತದಾರರೇ ತೆಗೆದುಹಾಕಿದರು.

ನಮ್ಮ ಕಡೆ ಇಂಥ ‘ಚಿಕಿತ್ಸೆ’ಗೆ ಮಗನನ್ನೋ ಮಗಳನ್ನೋ ಕಳಿಸಬಹುದೇ ಎಂದು ಕೇಳುವ ತಂದೆತಾಯಿಗಳಿಗೆ ನೇರ ಉತ್ತರ: ಬೇಡ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಪರಿವರ್ತನಾ ಚಿಕಿತ್ಸೆಯನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿತು.

ಗರ್ಭಪಾತದ ವಿಷಯದಲ್ಲಿ ಅದರ ಕೆಲಸವೇನು?

ಗರ್ಭಪಾತವನ್ನು ಸಂಸ್ಥೆ ವಿರೋಧಿಸುತ್ತದೆ. ಮಾತಿನ ಪ್ರಚಾರಕ್ಕಿಂತ ಹೆಚ್ಚು ಗಮನಾರ್ಹವಾದದ್ದು 2004ರಲ್ಲಿ ಆರಂಭಿಸಿದ ಯೋಜನೆ: ಗರ್ಭಿಣಿಯರಿಗೆ ಗರ್ಭಪಾತ ಬೇಡವೆಂದು ಸಲಹೆ ಕೊಡುವ ಕೇಂದ್ರಗಳಿಗೆ ಅಲ್ಟ್ರಾಸೌಂಡ್ ಯಂತ್ರ ಕೊಳ್ಳಲು ನೆರವು. ಪರದೆಯ ಮೇಲೆ ಶಿಶುವನ್ನು ಕಂಡ ತಾಯಿ ಮನಸ್ಸು ಬದಲಾಯಿಸುತ್ತಾಳೆ ಎಂಬುದು ಅದರ ಹಿಂದಿನ ಲೆಕ್ಕ. ಅಮೆರಿಕನ್ ಫುಟ್‌ಬಾಲಿನ ವಾರ್ಷಿಕ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 2010ರಲ್ಲಿ, ಪಂದ್ಯದ ನಡುವೆ ಫುಟ್‌ಬಾಲ್ ಆಟಗಾರ ಟಿಮ್ ಟೀಬೊ ಮತ್ತು ಅವರ ತಾಯಿಯನ್ನು ತೋರಿಸಿದ ಜಾಹೀರಾತೂ ಇದೇ ಸಂಸ್ಥೆಯದು.

ಆ ಯೋಜನೆಯನ್ನು ಓದುವಾಗ ಕರ್ನಾಟಕದವರಿಗೆ ಒಂದು ಬೋರ್ಡು ನೆನಪಾಗದೆ ಇರದು. ಯಾವ ತಾಲ್ಲೂಕಿನ ಸ್ಕ್ಯಾನಿಂಗ್ ಸೆಂಟರ್‌ಗೆ ಹೋದರೂ ಗೋಡೆಯ ಮೇಲೆ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ ಎಂಬ ಬರಹ ಇರುತ್ತದೆ. ಅಲ್ಲಿ ಶಿಶುವನ್ನು ಉಳಿಸುವ ಸಾಧನವೆಂದು ದಾನವಾಗಿ ಕೊಡುವ ಯಂತ್ರವನ್ನು, ಇಲ್ಲಿ ಹೆಣ್ಣುಶಿಶುವಿಗೆ ಅಪಾಯವಾದೀತೆಂದು 1994ರ ಕಾಯ್ದೆಯಡಿ ನೋಂದಾಯಿಸಿ ಕಾವಲು ಹಾಕಬೇಕಾಯಿತು. ನಮ್ಮಲ್ಲಿ ಗರ್ಭಪಾತ 1971ರಿಂದ ಷರತ್ತುಗಳೊಂದಿಗೆ ಕಾನೂನುಬದ್ಧ. ಅಮೆರಿಕದ ವಾದಗಳನ್ನು ಇಲ್ಲಿ ಹಾಗೆಯೇ ಇಳಿಸಿದರೆ ನಮ್ಮ ಮುಖ್ಯ ಸಂಕಟವಾದ ಹೆಣ್ಣುಶಿಶುವಿನ ಪ್ರಶ್ನೆ ಅವುಗಳಲ್ಲಿ ಕಾಣುವುದೇ ಇಲ್ಲ.

ದತ್ತು ತೆಗೆದುಕೊಳ್ಳುವ ಬಗ್ಗೆಯೂ ಮಾತನಾಡುತ್ತಾರಲ್ಲ?

ಹೌದು, ಅವರ ವಿರೋಧಿಗಳೂ ಮೆಚ್ಚುವ ಕೆಲಸವಿದು. 2008ರಲ್ಲಿ ‘ವೇಟ್ ನೋ ಮೋರ್’ ಎಂಬ ಕಾರ್ಯಕ್ರಮ ಆರಂಭಿಸಿ, ಸರ್ಕಾರದ ಪಾಲನೆಯಲ್ಲಿ ತಂದೆತಾಯಿಗಾಗಿ ಕಾಯುತ್ತಿರುವ, ಹಲವು ಸಲ ಪ್ರಾಯಕ್ಕೆ ಬಂದ ಮಕ್ಕಳನ್ನು ದತ್ತು ತೆಗೆದುಕೊಳ್ಳುವಂತೆ ಸಭೆಗಳನ್ನು ಒಪ್ಪಿಸುತ್ತ ಬಂದಿದ್ದಾರೆ. 2005ರಿಂದ ಅಧ್ಯಕ್ಷರಾಗಿರುವ ಜಿಮ್ ಡಾಲಿ ಸ್ವತಃ ಬಾಲ್ಯದಲ್ಲಿ ಅನಾಥರಾಗಿ ಪೋಷಕ ಮನೆಯಲ್ಲಿ ಬೆಳೆದವರು. ಭಾರತದ ಕ್ರೈಸ್ತರಿಗೆ ಪ್ರತ್ಯೇಕ ದತ್ತಕ ಕಾನೂನು ಇಲ್ಲದಿದ್ದರೂ, ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ಕಾನೂನುಬದ್ಧವಾಗಿ ದತ್ತು ಪಡೆಯಬಹುದು.

ಮಕ್ಕಳಿಗೆ ಅವರ ಕಾರ್ಯಕ್ರಮಗಳು ಸೂಕ್ತವೇ?

1987ರಲ್ಲಿ ಶುರುವಾದ ‘ಅಡ್ವೆಂಚರ್ಸ್ ಇನ್ ಒಡಿಸ್ಸಿ’ ರೇಡಿಯೊ ನಾಟಕ ಚೆನ್ನಾಗಿದೆ. ಹಳೆಯ ಕಾಲದ ಆಕಾಶವಾಣಿ ನಾಟಕಗಳನ್ನು ಮೆಚ್ಚಿದವರಿಗೆ ಅದರ ಧ್ವನಿಯ ಕುಸುರಿ ಹಿಡಿಸುತ್ತದೆ. ಅದರಲ್ಲಿ ವಿಟ್ ಎಂಬ ಅಜ್ಜನ ಐಸ್‌ಕ್ರೀಂ ಅಂಗಡಿಯೇ ಊರಿನ ಮಕ್ಕಳ ಅಡ್ಡೆ. ಕೊಲರಾಡೊದ ಕಚೇರಿಯಲ್ಲಿ ಆ ಅಂಗಡಿಯನ್ನು ನಿಜವಾಗಿಯೇ ಕಟ್ಟಿದ್ದಾರೆ, ಮೂರು ಅಂತಸ್ತಿನಿಂದ ಸುತ್ತಿ ಇಳಿಯುವ ಜಾರುಬಂಡೆಯೂ ಇದೆ. ‘ಪ್ಲಗ್ಡ್ ಇನ್’ ಎಂಬ ವಿಮರ್ಶಾ ವಿಭಾಗ ಚಲನಚಿತ್ರಗಳಲ್ಲಿ ಎಷ್ಟು ಬೈಗುಳ, ಎಷ್ಟು ಹಿಂಸೆ ಇದೆಯೆಂದು ಎಣಿಸಿ ಹೇಳುತ್ತದೆ. ಎಣಿಕೆ ಉಪಯೋಗಕ್ಕೆ ಬರುತ್ತದೆ. ಚಿತ್ರ ಚೆನ್ನಾಗಿದೆಯೇ ಎಂಬುದಕ್ಕೆ ಬೇರೆ ಕಡೆ ಹೋಗಬೇಕು.

ಭಾರತದಲ್ಲಿ ಶಾಖೆ ಇದೆಯೇ?

ಚೆನ್ನೈಯಲ್ಲಿ ಫೋಕಸ್ ಆನ್ ದ ಫ್ಯಾಮಿಲಿ ಇಂಡಿಯಾ ಇದೆ. ಹೊರದೇಶದ ಹಣದಿಂದ ಕೆಲಸ ಮಾಡುವ ಯಾವ ಸಂಸ್ಥೆಗೂ ಇಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳ ಪ್ರಾಯೋಜಕತ್ವದ ಕಂಪ್ಯಾಶನ್ ಇಂಟರ್‌ನ್ಯಾಷನಲ್ 2017ರ ಮಾರ್ಚಿನಲ್ಲಿ ಭಾರತದಿಂದ ಹೊರಟುಹೋದದ್ದು ಆ ಕಾಯ್ದೆಯ ಕಾರಣಕ್ಕೆ. ಅದರ ಕೇಂದ್ರ ಕಚೇರಿಯೂ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲೇ ಇರುವುದರಿಂದ ಎರಡನ್ನೂ ಒಂದೆಂದು ಭಾವಿಸುವವರಿದ್ದಾರೆ. ಅವು ಬೇರೆ ಬೇರೆ.

ಶಾಲಾ ಕಾಲೇಜುಗಳಲ್ಲಿ ಕಾರ್ಯಾಗಾರ ನಡೆಸುವ ಬಗ್ಗೆ ಕೇಳುವವರು ಸಿಂಗಪುರದ ಅನುಭವವನ್ನು ಗಮನಿಸಬೇಕು. 2014ರಲ್ಲಿ ಅಲ್ಲಿಯ ಶಾಖೆ ಕಾಲೇಜೊಂದರಲ್ಲಿ ನಡೆಸಿದ ಸಂಬಂಧಗಳ ಕಾರ್ಯಾಗಾರ, ಹುಡುಗಿಯರು ಹೀಗೆ, ಹುಡುಗರು ಹಾಗೆ ಎಂಬ ಸವಕಲು ಮಾತುಗಳನ್ನು ಪಾಠವಾಗಿ ಕಲಿಸುತ್ತದೆ ಎಂದು ವಿದ್ಯಾರ್ಥಿನಿಯೊಬ್ಬಳು ಪ್ರಾಂಶುಪಾಲರಿಗೆ ಬಹಿರಂಗ ಪತ್ರ ಬರೆದಳು. ಆ ವರ್ಷದ ಕೊನೆಗೆ ಕಾರ್ಯಕ್ರಮ ನಿಂತಿತು.

ಹಣ ಎಲ್ಲಿಂದ ಬರುತ್ತದೆ? ಲೆಕ್ಕ ಕೇಳಬಹುದೇ?

ಬಹುಪಾಲು ಕೇಳುಗರ ದೇಣಿಗೆಯಿಂದ. ಅಮೆರಿಕದ ಲಾಭರಹಿತ ಸಂಸ್ಥೆಗಳು ವರ್ಷವರ್ಷವೂ 990 ಎಂಬ ನಮೂನೆಯಲ್ಲಿ ಆದಾಯ, ಖರ್ಚು, ಮುಖ್ಯಸ್ಥರ ಸಂಬಳಗಳನ್ನು ಸಾರ್ವಜನಿಕವಾಗಿ ತೋರಿಸಬೇಕು. ಚರ್ಚುಗಳಿಗೆ ಮಾತ್ರ ಈ ಕಟ್ಟಳೆಯಿಲ್ಲ. ಕಳೆದ ದಶಕದಲ್ಲಿ ಫೋಕಸ್ ತೆರಿಗೆ ಇಲಾಖೆಯಿಂದ ಚರ್ಚ್ ಎಂಬ ಮಾನ್ಯತೆ ಪಡೆದುಕೊಂಡಿತು. ಪೀಠವೂ ಇಲ್ಲದ, ಸಭಿಕರೂ ಇಲ್ಲದ ಚರ್ಚ್ ಯಾವ ಬಗೆಯದು ಎಂದು ಟೀಕಾಕಾರರು ಕೇಳಿದರು. ಲೆಕ್ಕಪತ್ರವನ್ನು ಸ್ವಂತ ಇಚ್ಛೆಯಿಂದ ಪ್ರಕಟಿಸುವುದಕ್ಕೆ ಅಡ್ಡಿಯಿಲ್ಲ, ಕಾನೂನಿನ ಒತ್ತಾಯ ಮಾತ್ರ ಹೋಯಿತು. ಇಲ್ಲಿಂದ ಯಾರೂ ಅಲ್ಲಿಗೆ ಹಣ ಕಳಿಸಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಡಾಬ್ಸನ್ ಕೊನೆಯವರೆಗೂ ಇದರಲ್ಲೇ ಇದ್ದರೇ?

ಇಲ್ಲ. 2003ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು, 2009ರಲ್ಲಿ ಆಡಳಿತ ಮಂಡಳಿ ಬಿಟ್ಟರು, 2010ರಲ್ಲಿ ರೇಡಿಯೊ ಧ್ವನಿಯೂ ನಿಂತಿತು. ಅದೇ ವರ್ಷ ‘ಫ್ಯಾಮಿಲಿ ಟಾಕ್’ ಎಂಬ ಬೇರೆ ಕಾರ್ಯಕ್ರಮ ಕಟ್ಟಿದರು. 2025ರ ಆಗಸ್ಟ್ 21ರಂದು, 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಡಾಲಿ ಅವರ ಕಾಲದಲ್ಲಿ ಸಂಸ್ಥೆಯ ದನಿ ಮೆತ್ತಗಾಗಿದೆ ಎನ್ನುತ್ತಾರೆ. ದನಿಗೆ ಅದು ನಿಜ. ನಿಲುವುಗಳು ಇದ್ದಲ್ಲೇ ಇವೆ.

ಅವರ ಲೇಖನಗಳನ್ನು ಕನ್ನಡಕ್ಕೆ ಅನುವಾದಿಸಿ ನಮ್ಮ ಸಭೆಯಲ್ಲಿ ಹಂಚಬಹುದೇ?

ಅನುಮತಿ ಪಡೆಯದೆ ಹಂಚಬಾರದು. ಅವೆಲ್ಲ ಹಕ್ಕುಸ್ವಾಮ್ಯ ಇರುವ ಬರಹಗಳು. ಅನುಮತಿ ಸಿಕ್ಕರೆ ಅನುವಾದ ಮಾಡುವವರು ‘ಫ್ಯಾಮಿಲಿ’ ಎಂದಿರುವ ಕಡೆಯೆಲ್ಲ ಕಣ್ಣುಮುಚ್ಚಿ ‘ಕುಟುಂಬ’ ಎಂದು ಬರೆಯದಿರಲಿ. ಕೆಲವು ಕಡೆ ಅದು ‘ಗಂಡ ಹೆಂಡತಿ’, ಕೆಲವು ಕಡೆ ‘ಸಂಸಾರ’, ಕೆಲವು ಕಡೆ ಬರೀ ‘ಮನೆ’. ವಾರಕ್ಕೊಂದು ಸಂಜೆ ಗಂಡ ಹೆಂಡತಿ ಇಬ್ಬರೇ ಹೋಟೆಲಿಗೆ ಹೋಗಿ ಬನ್ನಿ ಎಂಬ ಸಲಹೆಯನ್ನು, ಎರಡು ಕೋಣೆಯ ಮನೆಯಲ್ಲಿ ಅತ್ತೆ ಮಾವನ ಜೊತೆ ಇರುವ ದಂಪತಿಗಳಿಗೆ ಹೇಳುವಾಗ, ಇಬ್ಬರೂ ಸೇರಿ ಸಂತೆಗೆ ನಡೆದುಕೊಂಡು ಹೋಗಿ ಬನ್ನಿ ಎಂದು ತಿರುಗಿಸಿದರೆ ಅದರ ಹುರುಳು ಉಳಿಯುತ್ತದೆ. ಲೇಖನದ ಕೊನೆಗೆ ಅಮೆರಿಕದ ಸಹಾಯವಾಣಿಯ ಸಂಖ್ಯೆ ಇರುತ್ತದೆ, ಅದನ್ನು ಹಾಗೆಯೇ ಬಿಡಬೇಡಿ. ಆ ಜಾಗದಲ್ಲಿ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಎಂದು ದಪ್ಪ ಅಕ್ಷರದಲ್ಲಿ ಹಾಕಿ.